ಬಾಗಿಲ ಹೊರಗೆ ಉಳಿದ ಇನ್‌ಸೋಲ್

ನನ್ನ ಹಿಮ್ಮಡಿ ನೋವಿಗೆ ಅಂತ ಮಾಡಿಸಿದ್ದರಲ್ಲೆಲ್ಲ ದುಬಾರಿಯಾದದ್ದು ಒಂದು ಜೊತೆ ಇನ್‌ಸೋಲ್. ಫೋಮ್ ತುಂಬಿದ ಡಬ್ಬಿಯಲ್ಲಿ ಕಾಲಿಡಿಸಿ, ಅಂಗಾಲಿನ ಅಚ್ಚು ತೆಗೆದು, ಅದಕ್ಕೆ ತಕ್ಕ ಹಾಗೆ ನಡುವೆ ಉಬ್ಬು ಕೊಟ್ಟು ಮಾಡಿದ್ದು. ಅದು ನನ್ನ ಶೂ ಒಳಗಿದೆ. ಶೂ ಚಪ್ಪಲಿ ಸ್ಟ್ಯಾಂಡಿನಲ್ಲಿದೆ. ಸ್ಟ್ಯಾಂಡ್ ಬಾಗಿಲ ಹೊರಗಿದೆ. ನಾನು ಬಾಗಿಲ ಒಳಗಿದ್ದೇನೆ, ಬರಿಗಾಲಲ್ಲಿ, ಟೈಲ್ಸ್ ಮೇಲೆ. ಕಾಲೇಜಿಗೆ ಹೋದ ಹೊತ್ತು ಬಿಟ್ಟರೆ ಆ ಇನ್‌ಸೋಲಿಗೂ ನನಗೂ ಭೇಟಿಯೇ ಇಲ್ಲ. ಅದೂ ಸೀರೆ ಉಟ್ಟ ದಿನ ಶೂ ಎಲ್ಲಿ ಬಂತು, ಚಪ್ಪಲಿಯೇ. ನಮ್ಮ ಮಹಡಿಯ ಕಾರಿಡಾರಿನಲ್ಲಿ ನಡೆದು ಹೋದರೆ ಬೇರೆ ಮನೆಗಳ ಸ್ಟ್ಯಾಂಡುಗಳೂ ಕಾಣುತ್ತವೆ. ಒಬ್ಬರ ಶೂನಲ್ಲಿ ನೀಲಿ ಬಣ್ಣದ ಸಿಲಿಕೋನ್ ಹೀಲ್ ಪ್ಯಾಡ್. ಇನ್ನೊಬ್ಬರದ್ದು ದಪ್ಪ ಅಟ್ಟೆಯ, ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ. ಔಷಧಿಯೆಲ್ಲ ಹೊರಗೆ, ನೋವಿರುವ ಕಾಲುಗಳು ಒಳಗೆ. ಈ ಚಿಕಿತ್ಸೆಯನ್ನು ಯೋಚಿಸಿದವರು ಎಂಥ ಮನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅನ್ನೋದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ.

ಬೆಳಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹೇಗಿರುತ್ತದೆ ಅಂತ, ಈ ಬರಹ ಓದಲು ಬಂದವರಿಗೆ ನಾನು ಹೇಳಬೇಕಾಗಿಲ್ಲ. ಹತ್ತು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಬರುವ ನೋವು ಇದು. ಬೆಂಗಳೂರಲ್ಲಿ ಅದಕ್ಕಿಂತ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ಕುಂಟುತ್ತಿರುವ ನನ್ನನ್ನು ನೋಡಿ ಗುರುತಿಲ್ಲದವರೂ ಮಾತಾಡಿಸುತ್ತಾರೆ. ಒಬ್ಬರು ಬಿಸಿನೀರಿಗೆ ಉಪ್ಪು ಅನ್ನುತ್ತಾರೆ. ಇನ್ನೊಬ್ಬರು ಐಸ್ ಅನ್ನುತ್ತಾರೆ. ಮತ್ತೊಬ್ಬ ಹಿರಿಯರು, ಚಪ್ಪಲಿ ಬಿಟ್ಟು ಪಾರ್ಕಿನ ಬೆಣಚುಕಲ್ಲಿನ ದಾರಿಯಲ್ಲಿ ನಡೀರಿ, ಎಲ್ಲಾ ಸರಿಹೋಗುತ್ತೆ ಅನ್ನುತ್ತಾರೆ. ಕೆರಳಿದ ಹಿಮ್ಮಡಿಯನ್ನು ಕಲ್ಲಿನ ಮೇಲೆ ಊರಿ ನೋಡಿದ ಮನುಷ್ಯ ಆ ಸಲಹೆ ಕೊಡಲಾರ ಅಂತ ನನ್ನ ಅಭಿಪ್ರಾಯ.

ಮೂಳೆ ಬೆಳೆದಿದೆಯಂತೆ

ನಮ್ಮೂರಲ್ಲಿ ಈ ನೋವಿಗೆ ಇರುವ ಮೊದಲ ವಿವರಣೆ ಇದೇ. ಎಕ್ಸ್‌ರೇ ತೆಗೆಸಿದರೆ ಹಿಮ್ಮಡಿ ಮೂಳೆಯ ಕೆಳಗೆ ಒಂದು ಮುಳ್ಳು ಚಾಚಿಕೊಂಡಿರುತ್ತದೆ. ನೋಡಿದವರಿಗೆ ಅನುಮಾನವೇ ಉಳಿಯುವುದಿಲ್ಲ. ಇಷ್ಟು ದೊಡ್ಡ ಮುಳ್ಳು, ಚುಚ್ಚದೆ ಬಿಡುತ್ತದೆಯೇ? ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಎಲ್ಲರೂ ನೋಡಿದರು, ಎಲ್ಲರೂ ಅಯ್ಯೋ ಅಂದರು. ಆದರೆ ಈ ಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಕಾಲಲ್ಲೂ ಇರುತ್ತದೆ. ನೋವಿರುವ ಎಷ್ಟೋ ಜನರ ಕಾಲಲ್ಲಿ ಇರುವುದೇ ಇಲ್ಲ. ನೋವು ವಾಸಿಯಾದ ಮೇಲೂ ಮುಳ್ಳು ಇದ್ದಲ್ಲೇ ಇರುತ್ತದೆ. ಇದನ್ನು ನಮ್ಮ ಕೀಲುಮೂಳೆ ಡಾಕ್ಟರು ಎಕ್ಸ್‌ರೇ ಕವರಿಗೆ ಹಾಕುತ್ತಾ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರು. ಮನೆಗೆ ಬಂದು ನಾನು ಅದನ್ನು ಯಾರಿಗೆ ಹೇಳಿದರೂ ನಂಬಲಿಲ್ಲ. ಕಣ್ಣಿಗೆ ಕಾಣುವ ಕಾರಣಕ್ಕೆ ಇರುವ ಬಲ ಅದು.

ನಿಜವಾದ ತೊಂದರೆ ಇರುವುದು ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಹೋಗುವ ಗಟ್ಟಿ ಪಟ್ಟಿಯಲ್ಲಿ. ಡಾಕ್ಟರುಗಳು ಪ್ಲಾಂಟರ್ ಫ್ಯಾಸಿಯಾ ಅನ್ನುತ್ತಾರೆ. ಪಾದದ ಕಮಾನು ಬಿಲ್ಲಾದರೆ ಈ ಪಟ್ಟಿ ಅದರ ಹೆದೆ. ನಡೆಯುವಾಗ ಹಿಮ್ಮಡಿ ಮೇಲೆದ್ದು ಬೆರಳು ಹಿಂದಕ್ಕೆ ಬಾಗುತ್ತದಲ್ಲ, ಆಗ ಈ ಪಟ್ಟಿ ಬಿಗಿಯಾಗಿ ಕಮಾನನ್ನು ಎತ್ತಿ ಹಿಡಿಯುತ್ತದೆ. ಹಿಕ್ಸ್ ಅನ್ನುವವರು 1954ರಲ್ಲಿ ಇದನ್ನು ವಿವರಿಸಿ ಬರೆದರು. ಹೆಬ್ಬೆರಳನ್ನು ಕೈಯಿಂದ ಹಿಂದಕ್ಕೆ ಎಳೆದು ಅಂಗಾಲು ಮುಟ್ಟಿ ನೋಡಿ, ಚರ್ಮದ ಕೆಳಗೆ ಪಟ್ಟಿ ಬಿಗಿಯುವುದು ಸಿಗುತ್ತದೆ. ರಾತ್ರಿ ಮಲಗಿದಾಗ ಪಾದ ಮುಂದಕ್ಕೆ ಚಾಚಿಕೊಂಡು ಪಟ್ಟಿ ಸಡಿಲವಾಗಿ ಕುಗ್ಗಿರುತ್ತದೆ. ಬೆಳಗ್ಗೆ ಎದ್ದು ಮೈಭಾರವನ್ನೆಲ್ಲ ಒಮ್ಮೆಲೇ ಹಾಕಿದಾಗ ಮೂಳೆಗೆ ಅಂಟಿರುವ ಜಾಗದಲ್ಲಿ ಜಗ್ಗುತ್ತದೆ. ಸ್ವಲ್ಪ ನಡೆದ ಮೇಲೆ ನೋವು ಇಳಿಯುತ್ತದೆ, ದಿನವಿಡೀ ನಿಂತರೆ ಸಂಜೆ ಮತ್ತೆ ಏರುತ್ತದೆ.

ಇನ್ನೊಂದು ವಿಷಯ. ಇದು ಉರಿಯೂತ ಅಂದುಕೊಂಡು ನಾವು ಮಾತ್ರೆ ನುಂಗುತ್ತೇವೆ. ಅಮೆರಿಕದಲ್ಲಿ ಲೆಮಾಂಟ್ ಮತ್ತು ಜೊತೆಗಾರರು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ಇಂಥ ಪಟ್ಟಿಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 2003ರಲ್ಲಿ ಬರೆದರು. ಉರಿಯೂತದ ಗುರುತು ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ನಾರುಗಳು ಹಾಳಾಗಿದ್ದ ಗುರುತು. ದಿನದಿನದ ಹೊರೆಯಿಂದ ಆದ ಸವೆತ, ರಿಪೇರಿ ಸರಿಯಾಗಿ ಆಗಿಲ್ಲ. ನೋವಿನ ಮಾತ್ರೆ ಒಂದೆರಡು ದಿನ ನೋವು ಇಳಿಸುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನಿಜಕ್ಕೂ ಆರಾಮ ಕೊಡುತ್ತದೆ. ಆದರೆ ಆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುವ ಅಪಾಯ ಅದರ ಜೊತೆಗಿದೆ. ನಮ್ಮ ಡಾಕ್ಟರು ಅದನ್ನು ಕೊನೆಗೆ ಇಟ್ಟುಕೊಳ್ಳೋಣ ಅಂದರು. ನನಗೂ ಹಿಮ್ಮಡಿಗೆ ಸೂಜಿ ಅಂದರೆ ಎದೆ ಢವ ಢವ.

ಎಕ್ಕದ ಎಲೆ

ತಿಪಟೂರಿನ ನಮ್ಮ ಮನೆಯಲ್ಲಿ ಅಮ್ಮನಿಗೆ ಇದೇ ನೋವಿತ್ತು. ಆಗ ಇದಕ್ಕೆ ಡಾಕ್ಟರ ಹತ್ತಿರ ಹೋಗುವ ಪದ್ಧತಿ ಇರಲಿಲ್ಲ. ಬಚ್ಚಲಮನೆಯ ಹಂಡೆ ಒಲೆಯಲ್ಲಿ ತೆಂಗಿನ ಮಟ್ಟೆ ಉರಿದು ಕೆಂಡವಾದ ಮೇಲೆ ಅಮ್ಮ ಒಂದು ಇಟ್ಟಿಗೆಯನ್ನು ಒಳಗೆ ತಳ್ಳುತ್ತಿದ್ದಳು. ಎಕ್ಕದ ಎಲೆ ತರುವುದು ನನ್ನ ಕೆಲಸ. ಹಾಲು ಕಣ್ಣಿಗೆ ತಾಗಿಸಿಕೊಂಡೀಯಾ ಅಂತ ಪ್ರತಿ ಸಲವೂ ಎಚ್ಚರಿಕೆ. ಇಟ್ಟಿಗೆಯನ್ನು ಇಕ್ಕಳದಲ್ಲಿ ಹೊರಗೆಳೆದು, ಹಿತ್ತಲ ಮೆಟ್ಟಿಲ ಮೇಲೆ ಇಟ್ಟು, ಮೇಲೆ ನಾಲ್ಕೈದು ಎಲೆ ಹಾಸಿ, ಅಮ್ಮ ಹಿಮ್ಮಡಿಯನ್ನು ಅದರ ಮೇಲೆ ಒತ್ತಿ ಒತ್ತಿ ತೆಗೆಯುತ್ತಿದ್ದಳು. ಚುಯ್ ಅಂತ ಸದ್ದು, ಹಸಿ ಎಲೆ ಸುಟ್ಟ ವಾಸನೆ. ಅವಳು ಕಣ್ಣು ಮುಚ್ಚಿ, ಅಮ್ಮಾ, ಅಂತ ಉಸಿರು ಬಿಡುವಳು. ನಾನು ಅವಳ ಪಕ್ಕ ಕೂತು ಹೋಂವರ್ಕ್ ಮಾಡುವಂತೆ ನಟಿಸುತ್ತಾ ಅದನ್ನೇ ನೋಡುತ್ತಿದ್ದೆ.

ಈಗ ಯೋಚಿಸಿದರೆ ಆ ಚಿಕಿತ್ಸೆಯಲ್ಲಿ ಎಲೆಗಿಂತ ಹೆಚ್ಚು ಕೆಲಸ ಮಾಡಿದ್ದು ಬೇರೆ ಏನೋ ಅನ್ನಿಸುತ್ತದೆ. ಬಿಸಿಗೆ ನೋವು ಇಳಿಯುತ್ತದೆ, ಅದು ಸರಿ. ಜೊತೆಗೆ, ಇಡೀ ದಿನ ನಿಂತ ಹೆಂಗಸು ಆ ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅಜ್ಜಿಯೂ ಆ ಹೊತ್ತಿನಲ್ಲಿ ಅವಳನ್ನು ಕರೆಯುತ್ತಿರಲಿಲ್ಲ. ಆಯುರ್ವೇದದಲ್ಲಿ ಈ ನೋವಿಗೆ ವಾತಕಂಟಕ ಅನ್ನುತ್ತಾರೆ. ಶಲಾಕೆ ಅನ್ನುವ ಬಿಸಿ ಲೋಹದ ಕಡ್ಡಿಯಿಂದ ಚರ್ಮಕ್ಕೆ ಚುಕ್ಕಿ ಇಡುವ ಅಗ್ನಿಕರ್ಮವನ್ನು ಈಗಲೂ ಮಾಡುವವರಿದ್ದಾರೆ. ಇಟ್ಟಿಗೆಯ ಬಿಸಿಯೂ ಆ ದಾರಿಯದ್ದೇ ಇರಬಹುದು. ನಾನು ಆ ಕಡೆ ಹೋಗಲಿಲ್ಲ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಬಿಸಿ ಇಟ್ಟಿಗೆ, ಬಿಸಿನೀರಿನ ಚೀಲ ಯಾವುದನ್ನೂ ಕಾಲಿಗೆ ಮುಟ್ಟಿಸಬೇಡಿ. ಅವರಲ್ಲಿ ಹಲವರ ಅಂಗಾಲಿಗೆ ಸ್ಪರ್ಶವೇ ಕಡಿಮೆಯಾಗಿರುತ್ತದೆ. ಸುಟ್ಟರೂ ಗೊತ್ತಾಗುವುದಿಲ್ಲ. ಆ ಗಾಯ ಮಾಯುವುದೂ ಕಷ್ಟ.

ನೋವು ಒಂದು ಕಡೆ, ಬೆರಳು ಇನ್ನೊಂದು ಕಡೆ

ಫಿಸಿಯೋಥೆರಪಿಗೆ ಅಂತ ನಾನು ಹೋದದ್ದು ಜಯನಗರದ ಒಂದು ಪುಟ್ಟ ಕ್ಲಿನಿಕ್ಕಿಗೆ. ಕೆಳಗೆ ಕಾಂಡಿಮೆಂಟ್ಸ್ ಅಂಗಡಿ, ಮೇಲೆ ಎರಡು ಮಂಚ. ಅಲ್ಲಿದ್ದ ಹುಡುಗಿ ಹಾಸನದ ಕಡೆಯವಳು. ನನ್ನ ಹಿಮ್ಮಡಿಯನ್ನು ಅವಳು ಮುಟ್ಟಲೇ ಇಲ್ಲ. ಗೋಡೆಯ ಮುಂದೆ ನಿಲ್ಲಿಸಿದಳು. ಹೆಬ್ಬೆರಳು ಗೋಡೆಯಿಂದ ಸುಮಾರು 10 ಸೆಂಟಿಮೀಟರ್ ದೂರ, ಹಿಮ್ಮಡಿ ನೆಲ ಬಿಡಬಾರದು, ಮಂಡಿ ಬಗ್ಗಿಸಿ ಗೋಡೆ ಮುಟ್ಟಿಸಿ ಮೇಡಂ ಅಂದಳು. ಎಡಗಾಲಿನ ಮಂಡಿ ಹೇಗೋ ಮುಟ್ಟಿತು. ನೋವಿರುವ ಬಲಗಾಲಿನದ್ದು ಗೋಡೆಯ ಹತ್ತಿರಕ್ಕೂ ಹೋಗಲಿಲ್ಲ. ಒತ್ತಾಯ ಮಾಡಿದರೆ ಹಿಮ್ಮಡಿ ತಾನೇ ಮೇಲೇಳುತ್ತಿತ್ತು.

"ನಿಮ್ಮ ಮೀನಖಂಡ ಕಲ್ಲಾಗಿದೆ ಮೇಡಂ. ಪಾದ ಮೇಲಕ್ಕೆ ಬಾಗಲ್ಲ. ಅದಕ್ಕೆ ಅಂಗಾಲು ಎಲ್ಲ ಜಗ್ಗಾಟ ತಾನೇ ತಗೋತಿದೆ."

ಬೋರಲು ಮಲಗಿಸಿ ಮೀನಖಂಡದ ಒಳಭಾಗದಲ್ಲಿ ಹೆಬ್ಬೆರಳು ಊರಿದಳು. ನಿಧಾನವಾಗಿ ಕೆಳಗೆ ಜಾರಿಸುತ್ತಾ ಒಂದು ಜಾಗದಲ್ಲಿ ನಿಂತಳು. ಆ ಕ್ಷಣ ನೋವು ಎದ್ದದ್ದು ಅವಳ ಬೆರಳ ಕೆಳಗಲ್ಲ, ಹಿಮ್ಮಡಿಯಲ್ಲಿ. ಬೆಳಗಿನ ಅದೇ ನೋವು. ನಾನು ತಲೆಯೆತ್ತಿ, ಹಿಮ್ಮಡಿ ಮುಟ್ಟಿದೆಯೇನಮ್ಮ ಅಂತ ಕೇಳಿದೆ. ಅವಳು ನಕ್ಕಳು. ಎಲ್ಲರೂ ಇದನ್ನೇ ಕೇಳ್ತಾರೆ ಅಂದಳು. ಸ್ನಾಯುವಿನೊಳಗಿನ ಬಿಗಿದ ಗಂಟನ್ನು ಒತ್ತಿದರೆ ನೋವು ದೂರದ ಇನ್ನೊಂದು ಜಾಗದಲ್ಲಿ ಕಾಣಿಸಿಕೊಳ್ಳುವ ಈ ಸಂಗತಿಯನ್ನು ಜೀವನವಿಡೀ ಹಿಂಬಾಲಿಸಿದವರು ಜಾನೆಟ್ ಟ್ರಾವೆಲ್. ಅಮೆರಿಕದ ಅಧ್ಯಕ್ಷ ಕೆನಡಿಯವರ ಬೆನ್ನುನೋವು ನೋಡಿಕೊಂಡು, ಶ್ವೇತಭವನದ ವೈದ್ಯೆಯೂ ಆದವರು. ಡೇವಿಡ್ ಸೈಮನ್ಸ್ ಜೊತೆ ಸೇರಿ ದೇಹದ ಯಾವ ಸ್ನಾಯು ಎಲ್ಲಿಗೆ ನೋವು ಕಳಿಸುತ್ತದೆ ಅಂತ ನಕ್ಷೆಗಳನ್ನೇ ಬರೆದರು. ಆ ನಕ್ಷೆಯಲ್ಲಿ ಹಿಮ್ಮಡಿಗೆ ನೋವು ಕಳಿಸುವುದು ಮೀನಖಂಡದ ಒಳಪದರದ ಸೋಲಿಯಸ್ ಸ್ನಾಯು. ಈ ಗಂಟು ಅಂದರೆ ನಿಜವಾಗಿ ಏನು ಅನ್ನುವುದರ ಬಗ್ಗೆ ಇವತ್ತಿಗೂ ಜಗಳ ಇದೆ. ಆದರೆ ಸುಮ್ನೆ ಸ್ಟ್ರೆಚ್ ಮಾಡಿದವರಿಗಿಂತ, ಸ್ಟ್ರೆಚ್ ಜೊತೆ ಮೀನಖಂಡಕ್ಕೆ ಕೈಯಿಂದ ಒತ್ತಿಸಿಕೊಂಡವರಿಗೆ ಒಂದು ತಿಂಗಳಲ್ಲಿ ಹೆಚ್ಚು ಆರಾಮ ಸಿಕ್ಕಿದ್ದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಂಡಿದೆ.

ಒತ್ತಿಸಿಕೊಂಡು ಕೆಳಗಿಳಿದಾಗ ಕಾಲು ಹಗುರವಾಗಿತ್ತು. ಕಾಂಡಿಮೆಂಟ್ಸಿನಲ್ಲಿ ಕಾಫಿ ಕುಡಿದು ಬಸ್ ಸ್ಟಾಪಿನವರೆಗೆ ಕುಂಟದೆ ನಡೆದೆ. ಮರುದಿನ ಬೆಳಗ್ಗೆ ನೋವು ಮತ್ತೆ ಹಾಜರು. ಮಸಾಜಿನ ಗುಣವೇ ಅಷ್ಟು ಅಂತ ಆ ಹುಡುಗಿ ಮೊದಲೇ ಹೇಳಿದ್ದಳು. ಅದು ಸ್ಟ್ರೆಚ್ ಮಾಡಲು ದಾರಿ ಬಿಡಿಸಿ ಕೊಡುತ್ತದೆ, ಮಿಕ್ಕಿದ್ದು ನೀವೇ ಮಾಡಬೇಕು. ಈಗ ಎಳ್ಳೆಣ್ಣೆ ಹಚ್ಚಿ ನಾನೇ ಮಂಡಿಯ ಕೆಳಗಿನಿಂದ ಹಿಮ್ಮಡಿಯ ಹಿಂದಿನ ಗಟ್ಟಿ ಹುರಿಯವರೆಗೆ ಒತ್ತಿಕೊಳ್ಳುತ್ತೇನೆ. ಹೆಬ್ಬೆರಳು ಸೋತರೆ ಲಟ್ಟಣಿಗೆ. (ಚಪಾತಿಯದ್ದಲ್ಲ, ಬೇರೆಯದ್ದು. ಅತ್ತೆಗೆ ಗೊತ್ತಿರಲಿ ಅಂತ ಅದಕ್ಕೆ ಕೆಂಪು ದಾರ ಕಟ್ಟಿದ್ದೇನೆ.)

ಅವಳು ಹೇಳಿಕೊಟ್ಟ ಸ್ಟ್ರೆಚ್‌ಗಳಲ್ಲಿ ಒಂದು ಗೋಡೆ ತಳ್ಳುವುದು. ಹಿಂದಿನ ಕಾಲು ನೇರ ಇಟ್ಟರೆ ಮೀನಖಂಡದ ಮೇಲ್ಪದರ ಎಳೆಯುತ್ತದೆ, ಮಂಡಿ ಸ್ವಲ್ಪ ಬಗ್ಗಿಸಿದರೆ ಒಳಪದರ. ಎರಡೂ ಬೇಕು. ಇನ್ನೊಂದು ಮಂಚದ ಮೇಲೆ, ಕಾಲು ನೆಲಕ್ಕೆ ತಾಗುವ ಮುಂಚೆ. ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಹಿಡಿದು ಮೊಣಕಾಲ ಕಡೆಗೆ ಎಳೆಯಬೇಕು. 10 ಎಣಿಸುವವರೆಗೆ ಹಿಡಿದು ಬಿಡಬೇಕು, ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಡಿಜೊವಾನಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರೀ ಮೀನಖಂಡ ಎಳೆದವರಿಗಿಂತ ಹೀಗೆ ಅಂಗಾಲನ್ನೇ ಎಳೆದವರಿಗೆ ಎರಡು ತಿಂಗಳಲ್ಲಿ ಹೆಚ್ಚು ಗುಣ ಸಿಕ್ಕಿತು. ನನಗೆ ಈ ಸ್ಟ್ರೆಚ್ ಮೇಲೆ ಪ್ರೀತಿ ಹುಟ್ಟಲು ಕಾರಣ ಬೇರೆ. ಇದಕ್ಕೆ ಶೂ ಬೇಡ. ಬರಿಗಾಲಿಗೆ ಹೇಳಿ ಮಾಡಿಸಿದ ಚಿಕಿತ್ಸೆ.

ಒಲೆಯ ಮುಂದೆ ಚಪ್ಪಲಿ

ಇನ್‌ಸೋಲಿನ ವಿಷಯಕ್ಕೆ ಬರುತ್ತೇನೆ. ಅದು ಮೋಸ ಅಂತ ನಾನು ಹೇಳುತ್ತಿಲ್ಲ. ಹಾಕಿಕೊಂಡು ನಡೆದಾಗ ಹಿತವಾಗಿರುತ್ತದೆ. ಆಸ್ಟ್ರೇಲಿಯಾದಲ್ಲಿ ಲಾಂಡಾರ್ಫ್ ತಂಡ ಮೂರು ಬಗೆಯ ಇನ್‌ಸೋಲುಗಳನ್ನು ಹೋಲಿಸಿ 2006ರಲ್ಲಿ ಬರೆಯಿತು. ಅಚ್ಚು ತೆಗೆದು ಮಾಡಿದ್ದು, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಗಟ್ಟಿಯದ್ದು, ಮತ್ತು ಹೆಸರಿಗೆ ಮಾತ್ರ ಇರುವ ಮೆತ್ತನೆಯ ಒಂದು ಫೋಮ್ ತುಂಡು. ಮೊದಲ ಮೂರು ತಿಂಗಳಲ್ಲಿ ಮೊದಲೆರಡಕ್ಕೆ ಸ್ವಲ್ಪ ಮೇಲುಗೈ. ಅವೆರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ವರ್ಷ ಕಳೆಯುವಷ್ಟರಲ್ಲಿ ಮೂರೂ ಒಂದೇ. ಅಂದರೆ ಸಾವಿರಾರು ರೂಪಾಯಿಯ ಅಚ್ಚಿನ ಇನ್‌ಸೋಲಿಗಿಂತ ಅದಕ್ಕಿಂತ ಎಷ್ಟೋ ಅಗ್ಗದ ರೆಡಿಮೇಡ್ ಸಾಕು ಅನ್ನಲು ಆಧಾರ ಇದೆ. ಅದೂ ಬಹುಪಾಲು ದಿನ ಶೂ ಹಾಕಿಕೊಂಡೇ ಇರುವವರ ದೇಶದಲ್ಲಿ. ನಮ್ಮಲ್ಲಿ ಮನೆಯ ಹೆಂಗಸರಿಗೆ, ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ, ನಿವೃತ್ತರಿಗೆ ಇದೇ ಸಲಹೆ ಕೊಟ್ಟರೆ ಅದರ ಅರ್ಥ ಏನು?

ಮನೆಯೊಳಗೂ ಚಪ್ಪಲಿ ಹಾಕಿ, ಅದು ಡಾಕ್ಟರ ಉತ್ತರ. ಬರೆಯುವುದು ಸುಲಭ. ನಾನು ಮೆತ್ತನೆಯ ಒಂದು ಜೊತೆ ಎಂಸಿಆರ್ ಚಪ್ಪಲಿ ತಂದೆ. ಎಂಸಿಆರ್ ಅಂದರೆ ಮೈಕ್ರೋ ಸೆಲ್ಯುಲಾರ್ ರಬ್ಬರ್. ಸಣ್ಣ ಸಣ್ಣ ಗಾಳಿಗೂಡುಗಳಿರುವ ಈ ರಬ್ಬರಿಗೆ ನಮ್ಮ ನೆಲದ್ದೇ ಒಂದು ಚರಿತ್ರೆ ಇದೆ. ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದಗಳಲ್ಲಿ ಹುಣ್ಣಾಗದಂತೆ ಕಾಪಾಡಲು ಪಕ್ಕದ ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಮತ್ತು ಅವರ ಜೊತೆಗಾರರು ಇದರಿಂದ ಚಪ್ಪಲಿ ಮಾಡಿಸಿದರು. ಆಮೇಲೆ ಅದು ಸಕ್ಕರೆ ಕಾಯಿಲೆಯವರ ಕಾಲಿಗೆ ಬಂತು. ಈಗ ನಮ್ಮ ಹಿಮ್ಮಡಿಗಳಿಗೆ. ಪರದೇಶದ ಶೂ ಒಳಗೆ ಕೂರುವ ಇನ್‌ಸೋಲಿಗಿಂತ, ಪಟ್ಟಿ ಹಾಕಿದ ಈ ಚಪ್ಪಲಿ ನಮ್ಮ ಬದುಕಿಗೆ ಹತ್ತಿರ ಅಂತ ನನಗನ್ನಿಸಿತು. ಅತ್ತೆಗೆ ಅನ್ನಿಸಲಿಲ್ಲ.

"ಒಲೆ ಮುಂದೆ ಚಪ್ಪಲೀನಾ?"

"ಹೊಸದು ಅತ್ತೆ. ಬಾಗಿಲು ದಾಟಿಲ್ಲ, ದಾಟಲ್ಲ."

"ಹೊಸದಾದರೂ ಚಪ್ಪಲಿ ಚಪ್ಪಲೀನೇ ಕಣೇ. ನಿನ್ನ ಕಾಲು ನೋವು ನನಗೆ ಗೊತ್ತಿಲ್ಲ ಅಂತ ಅಂದ್ಕೊಂಡಿದೀಯಾ? ಹಾಲ್‌ನಲ್ಲಿ ಹಾಕ್ಕೋ. ರೂಮ್‌ನಲ್ಲಿ ಹಾಕ್ಕೋ. ಇಲ್ಲಿ ಬೇಡ."

ಜಗಳ ಆಡಬಹುದಿತ್ತು. ಆಡಲಿಲ್ಲ. ಅವರಿಗೆ ಎಂಬತ್ತು ದಾಟಿದೆ. ಅಡುಗೆಮನೆಯ ಪಕ್ಕದ ಗೂಡೇ ನಮ್ಮ ದೇವರಮನೆ. ಆ ಜಾಗದ ಬಗ್ಗೆ ಅವರಿಗೆ ಒಂದು ಭಾವನೆ ಇದೆ, ಅದು ನನಗೂ ಪೂರ್ತಿ ಇಲ್ಲ ಅಂತೇನಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಹಾಲ್‌ನಲ್ಲಿ ನಾನು ಕೂರುತ್ತೇನೆ, ರೂಮಿನಲ್ಲಿ ಮಲಗುತ್ತೇನೆ. ನಿಲ್ಲುವುದು ಎಲ್ಲಿ? ಅಡುಗೆಮನೆಯಲ್ಲಿ. ಚಪ್ಪಲಿಗೆ ಅನುಮತಿ ಸಿಕ್ಕಿದ್ದು ಅದರ ಅಗತ್ಯ ಇಲ್ಲದ ಕಡೆಯೆಲ್ಲ. ಕೊನೆಗೆ ಮಗಳು ಬಿಟ್ಟುಹೋದ ಹಳೆಯ ಯೋಗ ಮ್ಯಾಟನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಒಲೆಯ ಮುಂದೆ ಒಂದು, ಸಿಂಕಿನ ಮುಂದೆ ಒಂದು ಹಾಸಿದೆ. ಅತ್ತೆ ಅದಕ್ಕೆ ಏನೂ ಅನ್ನಲಿಲ್ಲ. ಚಾಪೆ ಅಲ್ವಾ, ಚಪ್ಪಲಿ ಅಲ್ಲ. ವಾರಕ್ಕೊಮ್ಮೆ ಅವರೇ ಅದನ್ನು ಒಗೆಯಲು ಹಾಕಿಸುತ್ತಾರೆ.

ಕಟ್ಟೆ ಮೇಲೇರಿದ ಅಡುಗೆ

ಆ ಮ್ಯಾಟ್ ಮೇಲೆ ನಿಂತು ಬೀನ್ಸ್ ಹೆಚ್ಚುವಾಗ ನನಗೆ ಹೊಳೆದದ್ದು, ತಿಪಟೂರಿನ ಅಜ್ಜಿ ಈ ಕೆಲಸವನ್ನು ನಿಂತು ಮಾಡಿದ್ದನ್ನು ನಾನು ನೋಡೇ ಇಲ್ಲ. ಈಳಿಗೆಮಣೆಯ ಮೇಲೆ ಒಂದು ಕಾಲು ಮಡಚಿ ಕೂರುತ್ತಿದ್ದಳು. ರುಬ್ಬುವುದು ಒರಳಿನ ಮುಂದೆ ಕೂತು, ರೊಟ್ಟಿ ತಟ್ಟುವುದು ಒಲೆಯ ಮುಂದೆ ಕೂತು, ಅಕ್ಕಿ ಆರಿಸುವುದು ಜಗಲಿಯಲ್ಲಿ ಕೂತು. ಗ್ಯಾಸ್ ಸ್ಟೌ ಬಂತು, ಅದರ ಜೊತೆ ಕಲ್ಲಿನ ಕಟ್ಟೆ ಬಂತು, ಅಡುಗೆ ಸೊಂಟದೆತ್ತರಕ್ಕೆ ಏರಿತು. ಹೊಗೆ ಹೋಯಿತು, ಅದು ಸಣ್ಣ ಮಾತಲ್ಲ. ಕೆಳಗಿನ ನೆಲವೂ ಬದಲಾಯಿತು. ನಮ್ಮ ಮನೆಯ ಕೆಂಪು ರೆಡ್‌ಆಕ್ಸೈಡ್ ನೆಲವೂ ಗಟ್ಟಿಯೇ, ಆದರೆ ಅದರ ಮೇಲೆ ಕೂರುತ್ತಿದ್ದರು. ಈಗಿನ ಗ್ರಾನೈಟ್, ಟೈಲ್ಸ್ ಮೇಲೆ ನಿಲ್ಲುತ್ತೇವೆ. ಕುಕ್ಕುರುಗಾಲಲ್ಲಿ ಕೂತು ಏಳುವುದರಲ್ಲಿ ಮೀನಖಂಡ ತಾನಾಗಿ ಎಳೆಯುತ್ತಿತ್ತು. ಫಿಸಿಯೋ ಹುಡುಗಿ ಗೋಡೆಯ ಮುಂದೆ ಮಾಡಿಸಿದ ಪರೀಕ್ಷೆಯಲ್ಲಿ ನನ್ನ ಅಜ್ಜಿ ಸಲೀಸಾಗಿ ಪಾಸಾಗುತ್ತಿದ್ದಳು ಅಂತ ನನ್ನ ಊಹೆ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ಹೇಳಹೊರಟಿಲ್ಲ. ಇಟ್ಟಿಗೆ ಕಾಯಿಸುತ್ತಿದ್ದದ್ದು ಅದೇ ಮನೆಯಲ್ಲಿ, ಅಲ್ವಾ? ಅಮ್ಮ ನೆಲದಲ್ಲೂ ಕೂರುತ್ತಿದ್ದಳು. ಜೊತೆಗೆ ಬಾವಿಯಿಂದ ನೀರು ಸೇದಿ ಹೊರುತ್ತಿದ್ದಳು, ಹಿತ್ತಲಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದಳು. ಕೊನೆಗೆ ಎಷ್ಟು ಹೊತ್ತು ನಿಂತೆ, ಎಷ್ಟು ಭಾರ ಹೊತ್ತೆ ಅನ್ನುವುದೇ ಹಿಮ್ಮಡಿಯ ಲೆಕ್ಕ. ದೇಹದ ತೂಕ, ಮೀನಖಂಡದ ಬಿಗಿ, ನಿಂತು ಮಾಡುವ ಕೆಲಸ, ಈ ಮೂರು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಕಾರಣಗಳು. ಮೊದಲೆರಡರ ಬಗ್ಗೆ ಡಾಕ್ಟರು ಮಾತಾಡುತ್ತಾರೆ. ಮೂರನೆಯದಕ್ಕೆ ಬಂದಾಗ, ಸ್ವಲ್ಪ ರೆಸ್ಟ್ ತಗೊಳ್ಳಿ ಅಂತ ಹೇಳಿ ಮುಂದಿನವರನ್ನು ಕರೆಯುತ್ತಾರೆ. ಅವರು ಇನ್ನೇನು ಮಾಡಿಯಾರು.

ಆ ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ಜೊತೆ ಕಾಯುತ್ತಿದ್ದವರನ್ನು ನೆನೆಸಿಕೊಳ್ಳುತ್ತೇನೆ. ಬಿಎಂಟಿಸಿ ಕಂಡಕ್ಟರ್ ಒಬ್ಬರು. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಟೇಬಲ್ಲಿನ ಹೆಂಗಸು. ದೊಡ್ಡ ಸೀರೆ ಶೋರೂಮಿನ ಸೇಲ್ಸ್ ಹುಡುಗಿ. ಚಿಕ್ಕಪೇಟೆಯ ಹಳೆಯ ರೇಷ್ಮೆ ಅಂಗಡಿಗಳಲ್ಲಿ ಬಿಳಿ ಗಾದಿ ಹಾಸಿರುತ್ತಾರೆ, ಮಾರುವವರೂ ಕೊಳ್ಳುವವರೂ ಅದರ ಮೇಲೇ ಕೂರುತ್ತಾರೆ. ಶೋರೂಮಿನಲ್ಲಿ ಗಿರಾಕಿಗೆ ಕುರ್ಚಿ ಇದೆ, ಈ ಹುಡುಗಿಗೆ ಇಲ್ಲ. ಗಿರಾಕಿ ಇಲ್ಲದಾಗಲೂ ಕೂರಬಾರದಂತೆ, ಕ್ಯಾಮೆರಾ ಇದೆಯಂತೆ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ವ್ಯವಸ್ಥೆ ಮಾಡಲೇಬೇಕು ಅಂತ ತಮ್ಮ ಕಾನೂನು ತಿದ್ದಿದವು. ಕೇರಳದಲ್ಲಿ ಅದು ಬಟ್ಟೆ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿ ಪಡೆದದ್ದು. ಹಿಮ್ಮಡಿ ನೋವಿನ ಚಿಕಿತ್ಸೆಗಳ ಪಟ್ಟಿಯಲ್ಲಿ ಆ ಸ್ಟೂಲನ್ನೂ ಸೇರಿಸಬೇಕು ಅಂತ ನನ್ನ ವಾದ. ಆ ಹುಡುಗಿಗೆ ಅಚ್ಚಿನ ಇನ್‌ಸೋಲ್ ಬರೆದುಕೊಟ್ಟರೆ ಅದು ಅವಳ ಸಂಬಳದ ದೊಡ್ಡ ತುಂಡನ್ನೇ ನುಂಗುತ್ತದೆ. ಶೋರೂಮಿನ ಒಳಗೆ ಅವರು ಬರಿಗಾಲಲ್ಲೇ ಇರಬೇಕು ಅನ್ನುವುದು ಬೇರೆ ಮಾತು.

ಮೆಟ್ಟಿಲು, ಟವೆಲ್ಲು, ಗೈಡುಗಳು

ನನಗೆ ಈಗ ಹೆಚ್ಚು ನಂಬಿಕೆ ಇರುವುದು ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ. ಡೆನ್ಮಾರ್ಕಿನ ರಾಥ್ಲೆಫ್ ತಂಡ 2014ರಲ್ಲಿ ಪ್ರಕಟಿಸಿದ ವ್ಯಾಯಾಮ ಇದು. ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಲ್ಲಬೇಕು. ಸುರುಳಿ ಸುತ್ತಿದ ಟವೆಲ್ ಬೆರಳುಗಳ ಕೆಳಗೆ, ಬೆರಳು ಮೇಲಕ್ಕೆ ಬಾಗಿರಲಿ ಅಂತ. ಮೂರು ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, ಎರಡು ಸೆಕೆಂಡ್ ಮೇಲೆ ನಿಂತು, ಮೂರು ಸೆಕೆಂಡಿನಲ್ಲಿ ಇಳಿಸಬೇಕು. ದಿನ ಬಿಟ್ಟು ದಿನ. ಸುಲಭವಾಗುತ್ತಾ ಬಂದರೆ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್. ಇದರಲ್ಲಿ ಪಟ್ಟಿಗೆ ಆರಾಮ ಕೊಡುವ ಯೋಚನೆಯೇ ಇಲ್ಲ. ಅಳತೆಯಲ್ಲಿ ಹೊರೆ ಕೊಟ್ಟು ಬಲ ತುಂಬುವುದು. ಮೂರು ತಿಂಗಳಲ್ಲಿ ಸ್ಟ್ರೆಚ್ ಮಾಡಿದವರಿಗಿಂತ ಈ ಗುಂಪು ಮುಂದಿತ್ತು, ಆರು ತಿಂಗಳ ಹೊತ್ತಿಗೆ, ವರ್ಷದ ಹೊತ್ತಿಗೂ, ಎರಡೂ ಗುಂಪು ಸಮ. ಬೇಗ ಗುಣ ಸಿಗುತ್ತದೆ ಅನ್ನುವುದಷ್ಟೇ ಇದರ ಲಾಭ, ಆದರೆ ನೋವಿನಲ್ಲಿರುವವರಿಗೆ ಅದು ಕಡಿಮೆಯೇನಲ್ಲ. ನನ್ನ ಬ್ಯಾಗಿನಲ್ಲಿ ಪಿಯು ಇತಿಹಾಸದ ಗೈಡುಗಳಿರುತ್ತವೆ. ಮಕ್ಕಳು ಅವನ್ನು ಓದಬಾರದು ಅಂತ ಬೈದು ಕಿತ್ತುಕೊಂಡದ್ದು, ಕೊನೆಗೂ ಒಂದು ಉಪಯೋಗಕ್ಕೆ ಬಂತು. ಮೇಲಿನ ಮನೆಯವರು ಮೊದಲ ದಿನ ನನ್ನನ್ನು ಆ ಭಂಗಿಯಲ್ಲಿ ನೋಡಿ, ಏನು ಮೇಡಂ, ಲಿಫ್ಟ್ ಕೆಟ್ಟಿದ್ಯಾ ಅಂತ ಕೇಳಿದ್ದರು.

ಇದೆಲ್ಲ ಎಲ್ಲರ ಹಿಮ್ಮಡಿಗೂ ಅಲ್ಲ ಅನ್ನುವುದನ್ನು ಹೇಳಲೇಬೇಕು. ಅಂಗಾಲು ಉರಿ, ಜುಮ್ಮು ಇದ್ದರೆ ಅದು ನರದ ತೊಂದರೆ ಇರಬಹುದು. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಂಡಿದಾಗ ಜೀವ ಹೋಗುವ ಹಾಗಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಟಕ್ ಅಂತ ಸದ್ದಾಗಿ ಊದಿದರೆ ಪಟ್ಟಿಯೇ ಹರಿದಿರಬಹುದು. ವಯಸ್ಸಿನ್ನೂ ಚಿಕ್ಕದು, ಎರಡೂ ಹಿಮ್ಮಡಿ ನೋವು, ಬೆಳಗ್ಗೆ ಬೆನ್ನೂ ಹಿಡಿದುಕೊಂಡಿರುತ್ತದೆ ಅಂದರೆ ಸಂಧಿವಾತದ ಡಾಕ್ಟರನ್ನೇ ನೋಡಬೇಕು. ಜ್ವರ ಬಂದು ಹೋದ ಮೇಲೆ ಶುರುವಾದದ್ದಾದರೆ ಚಿಕೂನ್‌ಗುನ್ಯಾ ಇರಬಹುದು. 2006ರಲ್ಲಿ ಅದು ಕರ್ನಾಟಕದಲ್ಲಿ ಹಬ್ಬಿದಾಗ ತಿಂಗಳುಗಟ್ಟಲೆ ಕಾಲೂರಲಾಗದೆ ಕೂತವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಅದಕ್ಕೆ ಮೆಟ್ಟಿಲ ವ್ಯಾಯಾಮ ಉತ್ತರ ಅಲ್ಲ.

ನನ್ನ ನೋವು ಪೂರ್ತಿ ಹೋಗಿಲ್ಲ. ಬೆಳಗ್ಗೆ ಈಗ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗುತ್ತೇನೆ. ಮಂಡಿ ಗೋಡೆ ಮುಟ್ಟಲು ಎರಡು ಬೆರಳಿನಷ್ಟು ಬಾಕಿ. ಮುಂದಿನ ಚಿಂತೆ ಮಾರ್ಚ್. ಪಿಯು ಪಬ್ಲಿಕ್ ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಕರು ಕೂತರೆ ದೂರು ಬರುತ್ತದೆ, ಹೀಗಾಗಿ ಮೂರು ಗಂಟೆ ಸಿಮೆಂಟ್ ನೆಲದಲ್ಲಿ ಅಲ್ಲಿಂದಿಲ್ಲಿಗೆ ಓಡಾಟ. ಎಲ್ಲ ಕೊಠಡಿಯಲ್ಲೂ ಎತ್ತರದ ಒಂದು ಸ್ಟೂಲ್ ಹಾಕಿಸಿ, ಕೂತರೂ ಇಡೀ ರೂಮು ಕಾಣುತ್ತದೆ ಅಂತ ಪ್ರಿನ್ಸಿಪಾಲರಿಗೆ ಅರ್ಜಿ ಬರೆದಿದ್ದೇನೆ. ನನ್ನ ಕೆಳಗೆ ಏಳು ಜನ ಸಹಿ ಹಾಕಿದ್ದಾರೆ, ಅದರಲ್ಲಿ ಇಬ್ಬರಿಗೆ ಕಾಲು ನೋವೇ ಇಲ್ಲ. ಪ್ರಿನ್ಸಿಪಾಲರು ಓದಿ, ಫೈಲಿನಲ್ಲಿಟ್ಟು, ನೋಡೋಣ ಮೇಡಂ ಅಂ‌ದಿದ್ದಾರೆ.